ನಾಲ್ಕನೇ ಜ್ವರದ ಮೇಲೆ ಉಳಿದ ಎರಡು ಕಂತು

ಅಥವಾ ಅದು ಬೇಸಿಗೆಯೇ ಅಲ್ಲದಿರಬಹುದು. ಇಷ್ಟು ವರ್ಷ ಇದನ್ನು ಬೇಸಿಗೆ ರಜೆಯ ಕಥೆಯೆಂದೇ ಹೇಳಿಕೊಂಡು ಬಂದಿದ್ದೇನೆ. ಹಾಗೆ ಹೇಳಿದರೆ ಕೇಳುವವರು ತಮ್ಮ ತಮ್ಮ ರಜೆಯನ್ನು ಅದಕ್ಕೆ ಸೇರಿಸಿಕೊಂಡು ತಲೆದೂಗುತ್ತಾರೆ, ನನ್ನ ಕೆಲಸ ಹಗುರವಾಗುತ್ತದೆ. ಆದರೆ ಕಣ್ಣು ಮುಚ್ಚಿದರೆ ನನ್ನ ಕಾಲಿಗೆ ಕೆಸರು ಮೆತ್ತಿಕೊಂಡಿದೆ, ನನ್ನ ಅಕ್ಕ ಮಂಜಕ್ಕನ ಜಡೆಯಲ್ಲಿ ಸ್ಕೂಲಿನ ಕೆಂಪು ಟೇಪಿದೆ. ರಜೆಯಲ್ಲಿ ಯಾರು ಟೇಪು ಕಟ್ಟುತ್ತಾರೆ? ಕೆಸರು ಒಂದು ರೇಷ್ಮೆ ಬೆಳೆಯದು, ಟೇಪು ಇನ್ನೊಂದು ಬೆಳೆಯದು ಇರಬಹುದು. ಎರಡನ್ನೂ ತಂದು ಒಂದೇ ಸಂಜೆಗೆ ಅಂಟಿಸಿದವನು ನಾನೇ ಇರಬಹುದು.

ಹೋದ ತಿಂಗಳು ಒಂದು ಸಿನಿಮಾ ನೋಡಿ ಬಂದೆ. ಅಲ್ಲಿಂದ ಈ ಸಂಜೆ ಮತ್ತೆ ಸಡಿಲವಾಗಿದೆ. ಪೂರ್ತಿ ಬಿಚ್ಚಿಹೋಗುವ ಮುಂಚೆ ಬರೆದಿಡುತ್ತಿದ್ದೇನೆ. ಇದ್ದದ್ದು ಇದ್ದ ಹಾಗೆ ಎಂದು ಮಾತು ಕೊಡಲಾರೆ.

ಆಗೆಲ್ಲ ನಾವು ಕಾಲವನ್ನು ತಿಂಗಳಿನಿಂದ ಅಳೆಯುತ್ತಿರಲಿಲ್ಲ, ಹುಳದಿಂದ ಅಳೆಯುತ್ತಿದ್ದೆವು. ವಿರೂಪಾಕ್ಷಿಪುರದಿಂದ ಮೂರು ಮೈಲಿ ಒಳಗೆ ನಮ್ಮೂರು. ಹೆಚ್ಚುಕಡಿಮೆ ಎಲ್ಲ ಮನೆಯಲ್ಲೂ ರೇಷ್ಮೆ. ಹುಳಕ್ಕೆಂದು ಬೇರೆ ಮನೆ ಕಟ್ಟುವ ಕಾಲ ಇನ್ನೂ ಬಂದಿರಲಿಲ್ಲ. ಬೆಳೆ ಎದ್ದಾಗ ನಡುಮನೆ ಹುಳಕ್ಕೆ, ಜಗುಲಿ ನಮಗೆ. ನಡುಮನೆಯಲ್ಲಿ ಮೂರು ಸ್ಟ್ಯಾಂಡು, ಅವುಗಳ ತುಂಬ ಬಿದಿರಿನ ತಟ್ಟೆ, ತಟ್ಟೆಯ ತುಂಬ ಹುಳ. ಹಸಿ ಹಿಪ್ಪುನೇರಳೆ ಸೊಪ್ಪು, ಸುಣ್ಣದ ಪುಡಿ, ಹುಳದ ಹಿಕ್ಕೆ ಸೇರಿದ ಒಂದು ವಾಸನೆ ನಮ್ಮ ಅನ್ನಕ್ಕೂ ಪುಸ್ತಕಕ್ಕೂ ಹತ್ತಿರುತ್ತಿತ್ತು. ಅದೇ ನಡುಮನೆಯ ಮೂಲೆಯಲ್ಲಿ ಟಿವಿ. ಅದನ್ನು ಹೊರಗೆ ತರಲು ಕೇಬಲ್ಲು ಸಾಲುತ್ತಿರಲಿಲ್ಲ.

ರೇಷ್ಮೆ ಹುಳ ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿ ಸಲವೂ ಒಂದು ದಿನ ಸೊಪ್ಪು ಮುಟ್ಟದೆ, ತಲೆಯೆತ್ತಿಕೊಂಡು ಕಲ್ಲಿನ ಹಾಗೆ ಕೂತುಬಿಡುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳದ ಮುಂದೆ ಸದ್ದು ಮಾಡಬಾರದು ಎಂಬುದು ಅಜ್ಜಿಯ ಕಾನೂನು. ಅಪ್ಪನೂ ಮೀರುತ್ತಿರಲಿಲ್ಲ.

"ಟಿವಿ ಒಸಿ ಸಣ್ಣಗೆ ಇಕ್ಕೋತೀವಿ ಕಣಜ್ಜಿ," ಎಂದು ನಾನು ಗೋಗರೆದರೆ ಅಜ್ಜಿ ಹೇಳುತ್ತಿದ್ದಳು, "ನಿಂಗೆ ಜ್ವರ ಬಂದು ಮಲಗಿದ್ದಾಗ ನಿನ್ನ ಕಿವಿ ತಾವ ತಮಟೆ ಬಡುದ್ರೆ ಹೆಂಗಿರ್ತದ್ಲಾ? ಅವ್ಕೂ ಅಂಗೇಯ."

ಹೀಗಾಗಿ ಸಂಜೆ ಐದೂವರೆಗೆ ಬರುತ್ತಿದ್ದ ನಮ್ಮ ಜಪಾನಿನ ಕಾರ್ಟೂನು ಪ್ರತಿ ಬೆಳೆಗೂ ನಾಲ್ಕು ಕಡೆ ತುಂಡಾಗುತ್ತಿತ್ತು. ಹದಿನಾಲ್ಕು ವರ್ಷದ ಅಕ್ಕ ಇದನ್ನು ಮೊದಲೇ ಲೆಕ್ಕ ಹಾಕಿ ಕ್ಯಾಲೆಂಡರಿನಲ್ಲಿ ಸುತ್ತು ಹಾಕುತ್ತಿದ್ದಳು. "ಮೂರ್ನೇ ಜ್ವರ ಗುರುವಾರಕ್ಕೆ ಬತ್ತದೆ. ಗುರುವಾರದ್ದು ಹೋಯ್ತು ಅಂದ್ಕೊ. ಅಳ್ಬ್ಯಾಡ, ಶುಕ್ರವಾರದ್ದರಲ್ಲಿ ಹಿಂದಿಂದ ಒಸಿ ತೋರುಸ್ತಾರೆ." ನನಗಾಗ ಹತ್ತು ವರ್ಷ.

ಆ ಕಾರ್ಟೂನಿಗೆ ಏನೋ ಉದ್ದನೆಯ ಹೆಸರಿತ್ತು. ನಾವು ದೀಪದ ಗೋಪುರ ಎನ್ನುತ್ತಿದ್ದೆವು. ಕಡಲ ನಡುವೆ ಒಂದು ದ್ವೀಪ, ಅದರಲ್ಲಿ ಐದು ಗೋಪುರ, ಪ್ರತಿ ಗೋಪುರದ ತುದಿಯಲ್ಲಿ ಒಂದು ದೀಪ. ದೀಪಗಳು ಒಂದೊಂದಾಗಿ ಆರುತ್ತಿವೆ. ಯಾಕೆಂದು ಯಾರಿಗೂ ಗೊತ್ತಿಲ್ಲ. ತಲೆಯ ಮೇಲೆ ಒಂದೇ ಜುಟ್ಟು ಬಿಟ್ಟ ಹುಡುಗಿ, ಸದಾ ಏನಾದರೂ ತಿನ್ನುತ್ತಿರುವ ಒಬ್ಬ ಗುಂಡು ಹುಡುಗ, ಇಬ್ಬರೂ ಬೆಂಕಿ ಹೊತ್ತುಕೊಂಡು ಗೋಪುರದಿಂದ ಗೋಪುರಕ್ಕೆ ನಡೆಯುತ್ತಾರೆ. ನಡೆಯುತ್ತಲೇ ಇರುತ್ತಾರೆ. ಅವರ ಜಪಾನೀ ಹೆಸರುಗಳು ನಮ್ಮ ನಾಲಿಗೆಗೆ ಹತ್ತಲಿಲ್ಲ. ಜುಟ್ಟಿ, ಗುಂಡ ಎಂದು ಕರೆದೆವು. ಮಾತು ಹಿಂದಿಯಲ್ಲಿ. ನಾಲ್ಕನೇ ಜ್ವರ ಬಿಟ್ಟೆದ್ದ ಹುಳ ಹಗಲೂ ರಾತ್ರಿ ತಿನ್ನುತ್ತದೆ, ಆ ತಿನ್ನುವ ಸದ್ದಿನಲ್ಲಿ ಹಿಂದಿಯೂ ಮುಳುಗಿಹೋಗುತ್ತಿತ್ತು. ಸ್ಕೂಲಿನಲ್ಲಿ ಹಿಂದಿ ಓದುತ್ತಿದ್ದ ಅಕ್ಕ ಅರ್ಧ ಕೇಳಿಸಿಕೊಂಡು, ಅರ್ಧ ಕಟ್ಟಿ ನನಗೆ ಹೇಳುತ್ತಿದ್ದಳು.

"ಏನಂದ್ಲು ಜುಟ್ಟಿ?"

"ಕಾಲು ನೋಯ್ತದೆ, ಆದ್ರೂ ಕೂರಕಿಲ್ಲ ಅಂದ್ಲು."

"ಗುಂಡ?"

"ಬೋಂಡ ತಿನ್ಕೊಂಡು ಹೋಗವ ಅಂದ."

ಜಪಾನಿನಲ್ಲಿ ಬೋಂಡ ಸಿಗುತ್ತದೆಂದು ನಾನು ಬಹಳ ದಿನ ನಂಬಿದ್ದೆ. ಹಣ್ಣಾದ ಹುಳವನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಡಿಕೆಗಳಿರುತ್ತವೆ, ಚಂದ್ರಿಕೆ ಎನ್ನುತ್ತೇವೆ. ಹಿತ್ತಲಲ್ಲಿ ಎರಡು ಚಂದ್ರಿಕೆಯನ್ನು ಒಂದಕ್ಕೊಂದು ಒರಗಿಸಿದರೆ ಗೋಪುರ. ಜೇಬಿನ ತುಂಬ ಹುರಿಗಡಲೆ, ಬೆಲ್ಲ. ಅಕ್ಕ ಇದ್ದಿಲಿನಿಂದ ಬಚ್ಚಲ ಗೋಡೆಯ ಮೇಲೆ ಐದು ಗೋಪುರವನ್ನೂ ಬರೆದಿದ್ದಳು. ಅವಳ ಜುಟ್ಟಿಯ ಕಣ್ಣು ಟಿವಿಯ ಜುಟ್ಟಿಯ ಕಣ್ಣಿಗಿಂತ ಚೆನ್ನಾಗಿತ್ತು. ಈಗಲೂ ಹಾಗೆನಿಸುತ್ತದೆ, ಆದರೆ ಗೋಡೆ ಇಲ್ಲ, ಸಾಕ್ಷಿಯಿಲ್ಲ.

ನಾನು ಹೇಳುತ್ತಿರುವ ಬೆಳೆಯಲ್ಲಿ ನಾಲ್ಕನೇ ಜ್ವರ ಮುಗಿದಿತ್ತು. ಇನ್ನು ಟಿವಿಗೆ ಅಡ್ಡಿಯಿಲ್ಲ. ಉಳಿದದ್ದು ಎರಡೇ ಕಂತು, ಎರಡನೆಯದೇ ಕೊನೆಯದು. ಆ ದಿನ ಸ್ಕೂಲಿನಿಂದ ಬಂದ ಅಕ್ಕ ನನ್ನ ತೋಳು ಹಿಡಿದು ಬಚ್ಚಲ ಹಿಂದಕ್ಕೆ ಎಳೆದುಕೊಂಡು ಹೋದಳು.

"ಸೀನ, ಯಾರ್ಗೂ ಹೇಳ್ಬ್ಯಾಡ. ನಾನು ಹೊರಗಾಗಿದೀನಿ."

ಆ ಮಾತಿನಲ್ಲಿ ನನಗೆ ಗೊತ್ತಿದ್ದದ್ದು ಇಷ್ಟು: ಮೂರು ದಿನ ಕೊಟ್ಟಿಗೆ ಪಕ್ಕದ ಮೂಲೆಯಲ್ಲಿ ಚಾಪೆ, ಬೇರೆ ತಟ್ಟೆ, ಬೇರೆ ಲೋಟ. ಹುಳವಿರುವ ಕಡೆ, ಸೊಪ್ಪಿನ ತೋಟದ ಕಡೆ ಕಾಲಿಡುವ ಹಾಗಿಲ್ಲ. ಇಟ್ಟರೆ ಹುಳ ಸಾಯುತ್ತವೆ. ಇದು ನಮ್ಮ ಮನೆಯೊಂದರದ್ದೇ ಅಲ್ಲ, ಊರೆಲ್ಲ ನಂಬಿದ ಸಂಗತಿ.

"ಹೇಳ್ಬುಟ್ರೆ ಎರಡು ಕಂತೂ ಹೋಯ್ತವೆ," ಅಂದಳು.

"ಹುಳ ಸತ್ತೋದ್ರೆ?"

"ನಾನು ಹೊಸ್ಲು ದಾಟಕಿಲ್ಲ ಕಣ್ಲಾ. ಆಚೇನೇ ಕೂತ್ಕೊಂಡು ಕಣ್ಣು ಮಾತ್ರ ಒಳಕ್ಕೆ ಬುಡ್ತೀನಿ."

"ಕಣ್ಣೂ ಹೊರಗಾಗಿರ್ತದಾ?"

ತಲೆಯ ಮೇಲೆ ಕುಟ್ಟಿದಳು. ಅವಳಿಗೂ ಭಯವಿತ್ತು. ಭಯವಿಲ್ಲದಿದ್ದರೆ ಒಳಗೇ ಬಂದು ಕೂರುತ್ತಿದ್ದಳು.

ಆ ಸಂಜೆ ಒಂದು ಚೀಲ ಸೊಪ್ಪು ಕಡಿಮೆ ಬಿದ್ದಿತ್ತು. ಸಾಮಾನ್ಯವಾಗಿ ನಾನೂ ಅಕ್ಕನೂ ಸೇರಿ ಹೋಗಿ ಕಿತ್ತು ತರುತ್ತಿದ್ದೆವು. ಅಕ್ಕ ಹೊಟ್ಟೆನೋವೆಂದಳು. ನಾನೊಬ್ಬನೇ ಹೋದೆ. ಇಲ್ಲಿಂದ ಮುಂದೆ ನಿಧಾನವಾಗಿ ಬರೆಯಬೇಕು. ನಮ್ಮ ತೋಟದ ಪೂರ್ವಕ್ಕೆ ಬೇರೆಯವರ ಟೊಮೇಟೊ. ಅಲ್ಲಿಗೆ ತಾಗಿಕೊಂಡ ನಾಲ್ಕು ಸಾಲಿನ ಸೊಪ್ಪು ಮುಟ್ಟಬೇಡವೆಂದು ಅಜ್ಜಿ ಎರಡು ದಿನದಿಂದ ಹೇಳುತ್ತಿದ್ದಳು: "ಅವ್ರು ಔಷ್ದಿ ಹೊಡ್ದವ್ರೆ, ಗಾಳಿ ಇತ್ಲಾಗೇ ಬೀಸ್ತು." ಆದರೆ ದಾರಿಗೆ ಹತ್ತಿರದ ಸಾಲು ಅವೇ. ಆಚೆಯ ಸಾಲಿಗೆ ಹೋಗಬೇಕೆಂದರೆ ಕೆಸರು ದಾಟಬೇಕು. ಐದೂವರೆಗೆ ಇನ್ನು ಸ್ವಲ್ಪವೇ ಹೊತ್ತು.

ನನ್ನ ಕಾಲಿಗೆ ಕೆಸರು ಮೆತ್ತಿತ್ತು ಎಂದೆನಲ್ಲ. ಕೆಸರು ನಿಜವಾದರೆ ನಾನು ಆಚೆಗೆ ದಾಟಿ ಒಳ್ಳೆಯ ಸೊಪ್ಪನ್ನೇ ತಂದಿರಬೇಕು. ಆದರೆ ಹತ್ತಿರದ ಸಾಲಿನ ಎಲೆಗಳ ಮೇಲೆ ಒಣಗಿದ ಬಿಳಿ ಚುಕ್ಕೆಗಳು ಕೂಡ ಕಣ್ಣಿಗೆ ಕಟ್ಟಿದ ಹಾಗಿವೆ. ಎರಡರಲ್ಲಿ ಯಾವುದನ್ನು ಆಮೇಲೆ ಬರೆದುಕೊಂಡೆ ಎಂದು ತಿಳಿಯದು. ತಂದ ಸೊಪ್ಪನ್ನು ಬಾಗಿಲ ಬಳಿಯ ಸ್ಟ್ಯಾಂಡಿಗೆ ಹರಡಿದೆ. ಅದೊಂದೇ ನನ್ನ ಕೈಗೆ ಎಟುಕುತ್ತಿದ್ದದ್ದು. ಕಂತು ಶುರುವಾಯಿತು. ಅಕ್ಕ ಹೊಸಿಲಿನಾಚೆ ಮಂಡಿ ಮಡಚಿ ಕೂತು, ಬಾಗಿಲ ಚೌಕಟ್ಟು ಹಿಡಿದು, ಕತ್ತು ಮಾತ್ರ ಮುಂದೆ ಚಾಚಿ ನೋಡಿದಳು. ಐದನೇ ದೀಪವೂ ಆರಿತು. ಜುಟ್ಟಿ ಮೆಟ್ಟಿಲು ಹತ್ತಲು ಶುರು ಮಾಡಿದಳು. ಅಲ್ಲಿಗೆ ನಿಂತಿತು.

ಮರುದಿನ ಬೆಳಗ್ಗೆ ಬಾಗಿಲ ಬಳಿಯ ಸ್ಟ್ಯಾಂಡಿನ ಹುಳಗಳು ತಲೆಯನ್ನು ಅತ್ತಿತ್ತ ಹೊರಳಿಸುತ್ತಿದ್ದವು. ಬಾಯಿಂದ ಹಸಿರು ನೀರು. ಹನ್ನೊಂದು ಗಂಟೆಯ ಹೊತ್ತಿಗೆ ತಟ್ಟೆ ತಟ್ಟೆಯೇ ಸತ್ತು ಮಲಗಿತು. ಉಳಿದೆರಡು ಸ್ಟ್ಯಾಂಡಿಗೆ ಏನೂ ಆಗಿರಲಿಲ್ಲ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅಜ್ಜಿ ಅಳಲಿಲ್ಲ. ಒಂದು ಹುಳವನ್ನು ಅಂಗೈ ಮೇಲಿಟ್ಟುಕೊಂಡು ನೋಡಿ, ಬಾಗಿಲ ಕಡೆ ತಿರುಗಿದಳು.

"ಬಾಗ್ಲು ಮಗ್ಗುಲದ್ದೇ ಯಾಕೆ ಸತ್ತೊ? ಯಾರು ಬಂದಿದ್ರು ಇಲ್ಲಿಗೆ?"

ಅಜ್ಜಿಯ ಕಣ್ಣು ನನ್ನ ಮೇಲೆ ನಿಂತಿತು. ಅವಳಿಗೆ ಸೊಪ್ಪಿನ ನೆನಪಾಗುವ ಮುಂಚೆ ನಾನು ಬಾಯಿಬಿಟ್ಟೆ.

"ಅಕ್ಕ ಹೊರಗಾಗವ್ಳೆ. ಆದ್ರೆ ಒಳಕ್ಕೆ ಬಂದಿಲ್ಲ ಕಣಜ್ಜಿ, ಹೊಸ್ಲಾಚೆ ಕೂತಿದ್ಲು. ಕಣ್ಣು ಮಾತ್ರ ಒಳಕ್ಕೆ ಬುಟ್ಟಿದ್ಲು."

ಅವಳನ್ನು ಉಳಿಸಲೆಂದೇ ಕೊನೆಯ ಮಾತು ಸೇರಿಸಿದ್ದೆ. ಅದೇ ಅವಳನ್ನು ಮುಳುಗಿಸಿತು. ಮೈಲಿಗೆ ಮೂರು ದಿನಕ್ಕೆ ಹೋಗುತ್ತದೆ; ಕಣ್ಣಿನ ಮಾತು ಹೋಗಲಿಲ್ಲ. ಅಜ್ಜಿ ಅಕ್ಕನ ಕಡೆ ತಿರುಗಿ, "ಎಂಥಾ ಕಣ್ಣಮ್ಮಿ ನಿಂದು," ಎಂದಳು, ಬಹಳ ಮೆಲ್ಲಗೆ. ಅಕ್ಕ ಚಾಪೆ ಸುರುಳಿ ಸುತ್ತಿಕೊಂಡು ಕೊಟ್ಟಿಗೆ ಕಡೆ ಹೋದಳು. ಟಿವಿಗೆ ಅಪ್ಪ ಗೋಣಿಚೀಲ ಹೊದಿಸಿದ. ಸಂಜೆ ಐದೂವರೆಗೆ ನಾನು ಆ ಗೋಣಿಚೀಲದ ಮುಂದೆ ಸ್ವಲ್ಪ ಹೊತ್ತು ನಿಂತಿದ್ದೆ.

ಹುಳ ಹಣ್ಣಾದ ದಿನ ಊರಿನಲ್ಲಿ ಒಬ್ಬರ ಮನೆಗೆ ಇನ್ನೊಬ್ಬರು ಓಡುತ್ತಾರೆ. ಒಂದೇ ದಿನದಲ್ಲಿ ಆರಿಸಿ ಚಂದ್ರಿಕೆಗೆ ಬಿಡಬೇಕು, ಎಷ್ಟು ಕೈ ಇದ್ದರೂ ಸಾಲದು. ಆ ಬೆಳೆಯ ನಂತರ ಅಕ್ಕನನ್ನು ಯಾರೂ ಕರೆಯಲಿಲ್ಲ. ಎದುರು ಮನೆಯವರು ನನ್ನನ್ನು ಕರೆದರು, ಅವ್ವನನ್ನು ಕರೆದರು, ಅಕ್ಕ ಜಗುಲಿಯ ಮೇಲೆ ಕೂತು ನೋಡುತ್ತಿದ್ದಳು; ನೋಡುತ್ತಿದ್ದಾಳೆಂದು ಗೊತ್ತಾಗಿ ಅವರು ಬಾಗಿಲು ಎಳೆದುಕೊಂಡರು. ಮದುವೆಯಾಗಿ ಹೋಗುವವರೆಗೂ ನಮ್ಮ ನಡುಮನೆಯಲ್ಲಿ ಹುಳವಿದ್ದಾಗ ಅವಳು ಕಾಲಿಡಲಿಲ್ಲ. ಗೋಡೆಯ ಮೇಲೆ ಬರೆಯುವುದನ್ನು ಯಾವಾಗ ಬಿಟ್ಟಳೋ ನಾನು ಗಮನಿಸಲಿಲ್ಲ. ಸೊಪ್ಪಿನ ವಿಷಯ ನಾನು ಹೇಳಲಿಲ್ಲ. ಕಾಲೇಜಿಗೆ ಬಂದ ಮೇಲೆ, ಔಷಧಿ ಬಿದ್ದ ಸೊಪ್ಪು ತಿಂದ ಹುಳ ತಲೆ ಹೊರಳಿಸುತ್ತದೆ, ಹಸಿರು ಕಕ್ಕುತ್ತದೆ ಎಂದು ಎಲ್ಲೋ ಓದಿದೆ. ಆ ಬಿಳಿ ಚುಕ್ಕೆಗಳು ನನ್ನ ನೆನಪಿಗೆ ಬಂದದ್ದು ಓದುವ ಮುಂಚೆಯೋ ಓದಿದ ಮೇಲೆಯೋ, ಅದನ್ನು ಅವತ್ತೇ ಕೇಳಿಕೊಳ್ಳಬೇಕಿತ್ತು.

ಕಾಲೇಜಿನ ಹಾಸ್ಟೆಲ್ಲಿನಲ್ಲಿ, ಗೆಳೆಯನೊಬ್ಬನ ಕಂಪ್ಯೂಟರಿನಲ್ಲಿ, ಕೊನೆಯ ಕಂತನ್ನೂ ನೋಡಿದೆ. ಜಪಾನೀ ಮಾತು, ಕೆಳಗೆ ಇಂಗ್ಲಿಷ್ ಅಕ್ಷರ, ಮಸುಕಾದ ಚಿತ್ರ. ಆಮೇಲೆ ಮೊದಲಿನಿಂದಲೂ ನೋಡಿದೆ. ಅದರ ಮುಂದಿನ ಭಾಗಗಳು, ಪುಸ್ತಕಗಳು, ಅದರ ಬಗ್ಗೆ ಅಪರಿಚಿತರೊಡನೆ ವರ್ಷಗಟ್ಟಲೆ ಹರಟೆ. ಅಕ್ಕನ ಮಗಳು ಸಿಂಚನಾಗೆ ಈ ಹುಚ್ಚು ಹತ್ತಿಸಿದವನೂ ನಾನೇ. ಈಗ ಅವಳಿಗೆ ಹದಿನೈದು, ಜುಟ್ಟಿಯ ನಿಜವಾದ ಹೆಸರನ್ನು ಜಪಾನಿನವರ ಹಾಗೇ ಹೇಳುತ್ತಾಳೆ.

ದೀಪದ ಗೋಪುರ ಸಿನಿಮಾ ಆಗಿ ಬರುತ್ತದೆಂದು ತಿಳಿದಾಗ ಅವಳು ರಾಮನಗರದಿಂದ ಫೋನು ಮಾಡಿ ಕಿರುಚಿದಳು. "ಮಾಮ, ಅಮ್ಮನೂ ಬರ್ತಾಳಂತೆ!" ನನಗೆ ಖುಷಿಯೂ ಆಯಿತು, ಭಯವೂ ಆಯಿತು. ಅಕ್ಕ ಅಷ್ಟು ವರ್ಷದಲ್ಲಿ ಒಮ್ಮೆಯೂ ಅದರ ಹೆಸರೆತ್ತಿರಲಿಲ್ಲ.

ಬೆಂಗಳೂರಿನ ಮಾಲೊಂದರಲ್ಲಿ, ಭಾನುವಾರ ಮಧ್ಯಾಹ್ನದ ಆಟ. ಅಕ್ಕ ರೇಷ್ಮೆ ಸೀರೆ ಉಟ್ಟು ಬಂದಿದ್ದಳು, ಸಿಂಚನಾ ನಾಚಿಕೆಯಿಂದ ಸಾಯುತ್ತಿದ್ದಳು. ದೀಪ ಆರಿತು, ಆ ದ್ವೀಪ ಗೋಡೆಯಷ್ಟು ದೊಡ್ಡದಾಗಿ ಎದ್ದು ಬಂತು. ಕಡಲಿನ ಪ್ರತಿ ಅಲೆಯೂ ಬೇರೆ ಬೇರೆಯಾಗಿ ಹೊಳೆಯಿತು. ಜುಟ್ಟಿಯ ಕೂದಲಿನ ಎಳೆ ಎಳೆ ಹಾರಿತು. ಸುಂದರವಾಗಿತ್ತು, ಇಲ್ಲವೆನ್ನಲಾರೆ. ನನ್ನ ಕಣ್ಣು ತುಂಬಿತು. ಹತ್ತೇ ನಿಮಿಷದಲ್ಲಿ ಸಿಟ್ಟೂ ಬಂತು. ಹಳೆಯದರಲ್ಲಿ ಅವರು ಸುಮ್ಮನೆ ನಡೆಯುತ್ತಿದ್ದರು. ಎಷ್ಟೋ ಹೊತ್ತು ಚಿತ್ರದಲ್ಲಿ ಹೊಗೆಯೊಂದನ್ನು ಬಿಟ್ಟರೆ ಏನೂ ಅಲುಗುತ್ತಿರಲಿಲ್ಲ. ಇಲ್ಲಿ ಯಾರೂ ನಡೆಯುವುದಿಲ್ಲ, ಹಾರುತ್ತಾರೆ. ಗುಂಡ ಸಣ್ಣಗಾಗಿದ್ದಾನೆ, ಏನೂ ತಿನ್ನುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ದೀಪಗಳು ಯಾಕೆ ಆರಿದವು ಎಂಬುದಕ್ಕೆ ಉತ್ತರ ಕೊಟ್ಟುಬಿಟ್ಟರು. ಗೋಪುರ ಕಾಯುತ್ತಿದ್ದ ಮುದುಕನೇ ಹಳೆಯ ಸೇಡಿಗೆ ಒಂದೊಂದನ್ನೂ ಆರಿಸಿದ್ದನಂತೆ. ಅವನು ಸಿಕ್ಕಿಬಿದ್ದ, ಒಪ್ಪಿಕೊಂಡ, ಅತ್ತ. ಐದೂ ದೀಪ ಒಟ್ಟಿಗೆ ಹತ್ತಿಕೊಂಡವು. ಹುಡುಗರು ಸೀಟಿನ ಮೇಲೆ ನಿಂತು ಚಪ್ಪಾಳೆ ಹೊಡೆದರು, ಸಿಂಚನಾ ಬಿಕ್ಕಿ ಬಿಕ್ಕಿ ಅತ್ತಳು.

ಇದು ಮೋಸ ಎಂದು ನನಗನಿಸಿತು. ಜೊತೆಗೇ ಆ ಮುದುಕನ ಮೇಲೆ ಹೊಟ್ಟೆಕಿಚ್ಚೂ ಆಯಿತು. ಒಪ್ಪಿಕೊಳ್ಳಲು ಅವನ ಹತ್ತಿರ ಖಚಿತವಾದ ಒಂದು ತಪ್ಪಾದರೂ ಇತ್ತು.

ವಾಪಸು ರೈಲಿನಲ್ಲಿ ಸಿಂಚನಾ ಕಿವಿಗೆ ಹಾಡು ಸಿಕ್ಕಿಸಿಕೊಂಡು ಕಿಟಕಿಗೆ ಒರಗಿದಳು. ಅಕ್ಕ ಚೀಲದಿಂದ ಚಕ್ಕುಲಿ ತೆಗೆದಳು.

"ಹೆಂಗಿತ್ತಕ್ಕ?"

"ಚೆನ್ನಾಗೈತೆ. ಸದ್ದು ಜಾಸ್ತಿ." ಒಂದು ಚಕ್ಕುಲಿ ನನ್ನ ಕೈಗಿಟ್ಟು, "ಗಾಳಿ ಬಂದ್ರೆ ದೀಪ ಆರ್ತದೆ ಕಣೋ. ಅದಕ್ಕೂ ಒಬ್ಬ ಕಳ್ಳನ್ನ ಹುಡುಕ್ಬೇಕಿತ್ತಾ?" ಎಂದಳು.

ಬಿಡದಿ ದಾಟಿತ್ತು. ಈಗ ಹೇಳದಿದ್ದರೆ ಇನ್ನೆಂದೂ ಇಲ್ಲ ಎಂದುಕೊಂಡೆ.

"ಅಕ್ಕ, ಅವತ್ತು ಹುಳ ಸತ್ತಿದ್ದು ನಿನ್ನಿಂದ ಅಲ್ಲ. ಟೊಮೇಟೊ ಮಗ್ಗುಲ ಸೊಪ್ಪು ತಂದಿದ್ದೆ ನಾನು. ನನ್ನ ಮೇಲೆ ಬತ್ತದೆ ಅಂತ ನಿನ್ನ ಹೆಸರು ಹೇಳ್ದೆ."

ಅಕ್ಕ ಚಕ್ಕುಲಿ ಮುರಿಯುವುದನ್ನು ನಿಲ್ಲಿಸಲಿಲ್ಲ. "ನೀನೆಲ್ಲಿ ತಂದೆ? ಅವತ್ತು ಸೊಪ್ಪು ತಂದಿದ್ದು ಅಪ್ಪ. ನೀನು ಖಾಲಿ ಚೀಲ ಹೆಗಲಿಗೆ ಹಾಕ್ಕೊಂಡು ಹಿಂದೆ ಹಿಂದೆ ಬಂದೆ. ತಿನ್ನು, ಮೆತ್ತಗಾಯ್ತದೆ."

"ಇಲ್ಲಕ್ಕ, ನಾನೇ..."

"ಆಯ್ತು ಬುಡೋ ಮಂಗ. ನೀನೇ ಅಂತ್ಲೇ ಇಟ್ಕೊ. ಈಗ ಯಾವ ಹುಳ ಎದ್ದು ಬತ್ತವೆ?"

ಮತ್ತೆ ಕಿಟಕಿಯ ಕಡೆ ನೋಡುತ್ತಾ ಕೇಳಿದಳು. "ಕೊನೇದು ನೀನು ಆಮೇಲೆ ನೋಡ್ದೆ ಅಲ್ವಾ, ಕಾಲೇಜಲ್ಲಿ? ಸಿಂಚನಾ ಹೇಳಿದ್ಲು. ನಂಗ್ಯಾಕೆ ಹೇಳ್ಲಿಲ್ಲ?"

ಹದಿನೈದು ವರ್ಷ ಕಂಡವರಿಗೆಲ್ಲ ಹೇಳಿದ್ದೇನೆ, ಅವಳಿಗೆ ಹೇಳಲಿಲ್ಲ. ಹೇಳಿದರೆ ಆ ಸಂಜೆಯನ್ನೂ ಎತ್ತಬೇಕಿತ್ತು.

"ಈಗ್ಲಾದ್ರೂ ಹೇಳು. ಇದರಂಗಲ್ಲ, ಅದರದ್ದು. ಜುಟ್ಟಿ ಮೆಟ್ಲು ಹತ್ತುತಾವ್ಳೆ. ಆಮೇಲೆ?"

ಹೇಳಲು ಬಾಯಿ ತೆರೆದೆ. ಜುಟ್ಟಿ ಮೆಟ್ಟಿಲು ಹತ್ತುತ್ತಾಳೆ, ತುದಿಗೆ ಬರುತ್ತಾಳೆ, ಬೆಂಕಿ ಎತ್ತಿ ಹಿಡಿಯುತ್ತಾಳೆ. ಅವಳ ಕೂದಲಿನ ಎಳೆ ಎಳೆ ಹಾರುತ್ತದೆ. ಅದು ಹಳೆಯದಲ್ಲ, ಆಗ ತಾನೇ ನೋಡಿದ್ದು. ಅದನ್ನು ಪಕ್ಕಕ್ಕೆ ಸರಿಸಿ ಹಿಂದಿನದನ್ನು ಹುಡುಕಿದೆ. ಅಲ್ಲೂ ಅದೇ ಹೊಳೆಯುವ ಕಡಲು ಬಂತು. ಮಸುಕು ಚಿತ್ರ ಎಲ್ಲಿಯೂ ಇರಲಿಲ್ಲ. ನಾನು ಚನ್ನಪಟ್ಟಣದವರೆಗೆ ಹೋಗಬೇಕಿತ್ತು; ಇಳಿಯುವವರು ಬಾಗಿಲ ಬಳಿ ಗುಂಪಾಗುತ್ತಿದ್ದರು, ರಾಮನಗರ ಬಂದಿತ್ತು, ಸಿಂಚನಾ ಚೀಲ ಹೆಗಲಿಗೇರಿಸಿದಳು. "ಆಮೇಲೆ ಹೇಳ್ತೀನಕ್ಕ," ಎಂದೆ. "ಹೇಳು," ಎಂದು ಇಳಿದುಹೋದಳು.

ಮನೆಗೆ ಬಂದು ಹುಡುಕಿದೆ. ಹಳೆಯ ಕಂತುಗಳು ಈಗ ಸಿಗುವುದು ಹೊಸದಾಗಿ ತಿದ್ದಿ ಬಣ್ಣ ತುಂಬಿದ ರೂಪದಲ್ಲಿ, ಕೊನೆಯನ್ನು ಸಿನಿಮಾಕ್ಕೆ ಹೊಂದುವಂತೆ ಬದಲಿಸಿದ್ದಾರೆ. ನನ್ನ ಹಾಗೇ ಹುಚ್ಚಿರುವ ಹಳಬರಲ್ಲಿ ಒಬ್ಬ, ದೀಪ ಹತ್ತಿತ್ತು ಎನ್ನುತ್ತಾನೆ. ಇನ್ನೊಬ್ಬ, ಹಿಂದಿಯಲ್ಲಿ ಬಂದದ್ದನ್ನು ಕತ್ತರಿಸಿದ್ದರು, ಅದು ಮೆಟ್ಟಿಲಲ್ಲೇ ಮುಗಿಯುತ್ತಿತ್ತು ಎನ್ನುತ್ತಾನೆ. ಅಜ್ಜಿ ಇಲ್ಲ, ಅಪ್ಪನೂ ಅವ್ವನೂ ಇಲ್ಲ. ಸೊಪ್ಪಿನ ತೋಟದ ಜಾಗದಲ್ಲಿ ಸೈಟು ಕಲ್ಲು ನೆಟ್ಟಿದ್ದಾರೆ. ಪೂರ್ವದ ನಾಲ್ಕು ಸಾಲು ಎಲ್ಲಿತ್ತೆಂದು ಕಾಲಿಟ್ಟು ತೋರಿಸಲಾರೆ. ಜ್ವರ ಎಂದರೆ ಸಿಂಚನಾಗೆ ಮಾತ್ರೆ ನುಂಗುವ ಜ್ವರ ಒಂದೇ. ಒಂದು ಕಂತು ತಪ್ಪಿದರೆ ತಪ್ಪಿತು, ಅದನ್ನು ಅಕ್ಕನೊಬ್ಬಳು ಕಟ್ಟಿ ಹೇಳಬೇಕು ಎಂಬ ಕಾಲ ಮುಗಿದಿದೆ.

ಅಕ್ಕ ಇನ್ನೂ ಫೋನು ಮಾಡಿ ಕೇಳಿಲ್ಲ, ನಾನೂ ಮಾಡಿಲ್ಲ. ಆ ಸಂಜೆ ನಮ್ಮ ಟಿವಿಯಲ್ಲಿ ಬರಬೇಕಿದ್ದ ಕಂತಿನಲ್ಲಿ ದೀಪ ಹತ್ತುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಸೊಪ್ಪು ತಂದದ್ದು ಅಪ್ಪನೆಂದು ಅಕ್ಕ ಹೇಳಿದ್ದು ನೆನಪಿನಿಂದಲೋ, ನನ್ನ ಮುಖ ನೋಡಲಾಗದೆಯೋ, ಅದೂ ಗೊತ್ತಿಲ್ಲ.